ಕೆಲಸದವರು ಯಾಕೆ ನಿಲ್ಲಲ್ಲ? ಗಿರಣಿ ಗೇಟಿನ ಬದಲಿ, ನಮ್ಮ ಆಫೀಸಿನ ಬೆಂಚು

ವಿಡಿಯೋದಲ್ಲಿ ಇಪ್ಪತ್ತು ನಿಮಿಷಕ್ಕೆ ಓಡಿಸಿಬಿಟ್ಟ ಮಾತನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ. ಕೆಲವು ಕಡೆ ಮಾತಿನ ಧಾಟಿ ಹಾಗೇ ಉಳಿದಿದೆ, ತಿದ್ದೋಕೆ ಹೋಗಿಲ್ಲ.

ನನ್ನ ಆಫೀಸು ಮುಂಬಯಿಯ ಲೋವರ್ ಪರೇಲ್‌ನಲ್ಲಿದೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು, ದಾದರ್‌ನಲ್ಲಿ ಇಳಿದು ಲೈನ್ ಬದಲಾಯಿಸಿ, ಸ್ಟೇಷನ್ ಸೇತುವೆ ಮೇಲೆ ಜನರ ಜೊತೆ ತಳ್ಳಿಸಿಕೊಂಡು ಹೊರಗೆ ಬಂದರೆ ಎದುರಿಗೆ ಗಾಜಿನ ಕಟ್ಟಡಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಯ ಉದ್ದ ಚಿಮಣಿ. ಅದರಲ್ಲಿ ಹೊಗೆ ಬಂದು ದಶಕಗಳಾದವು. ಇದೆಲ್ಲ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ನೆಲ. ಮರಾಠಿಯವರ ಬಾಯಲ್ಲಿ ಗಿರಣಗಾಂವ್, ಅಂದರೆ ಗಿರಣಿಗಳ ಊರು.

ಹೋದ ತಿಂಗಳು ಅಲ್ಲೇ ಏಳನೇ ಮಹಡಿಯಲ್ಲಿ ಒಂದು ಮೀಟಿಂಗ್. ನಮ್ಮ ಟೀಮಿಗೆ ಮೂರು ಜನ ಬೇಕಿತ್ತು. ಮೂವರಿಗೂ ಆಫರ್ ಹೋಗಿತ್ತು, ಮೂವರೂ ಒಪ್ಪಿಕೊಂಡಿದ್ದರು, ಸೇರಬೇಕಾದ ದಿನ ಒಬ್ಬರೂ ಬರಲಿಲ್ಲ. ಅದೇ ತಿಂಗಳು ಇದ್ದವನೊಬ್ಬ ಲ್ಯಾಪ್‌ಟಾಪ್ ಕೊರಿಯರ್ ಮಾಡಿ ಫೋನ್ ಆಫ್ ಮಾಡಿಕೊಂಡ. "ಈಗಿನ ಹುಡುಗರಲ್ಲಿ ನಿಯತ್ತೇ ಇಲ್ಲ" ಅಂದರು ನಮ್ಮ ಮ್ಯಾನೇಜರ್. ಎಲ್ಲರೂ ತಲೆ ಆಡಿಸಿದೆವು. ಗೋಡೆ ಮೇಲಿನ ಪರದೆಯಲ್ಲಿ ಎಚ್‌ಆರ್ ವಿಭಾಗದ ಎಕ್ಸೆಲ್ ಹಾಳೆ ತೆರೆದಿತ್ತು. ಅವನ ಹೆಸರಿನ ಮುಂದೆ ಒಂದೇ ಪದ: ಅಬ್‌ಸ್ಕಾಂಡಿಂಗ್.

ಐಟಿಯಲ್ಲಿ ಇರುವವರಿಗೆ ಈ ಪದ ಹೊಸದಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟವರಿಗೆ ನಮ್ಮ ಕಂಪನಿಗಳು ಹಚ್ಚೋ ಹಣೆಪಟ್ಟಿ ಅದು. ಪೊಲೀಸರು ಕಳ್ಳನಿಗೆ ಬಳಸೋ ಪದ ಅಲ್ವಾ ಇದು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಆವತ್ತು ಮಾತ್ರ ನಮ್ಮ ಅಜ್ಜನ ಪುಸ್ತಕ ನೆನಪಾಯಿತು.

ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಮಲೆನಾಡಿನವರಿಗೆ ಗೊತ್ತು, ರೈಟರು ಅಂದರೆ ತೋಟದ ಲೆಕ್ಕ, ಹಾಜರಿ, ಬಟವಾಡೆ ಎಲ್ಲ ನೋಡಿಕೊಳ್ಳುವವರು. ಅಟ್ಟದ ಮೇಲೆ ಅವರ ಉದ್ದನೆಯ ಲೆಕ್ಕದ ಪುಸ್ತಕಗಳು ಇದ್ದವು. ಹೆಸರು, ಊರು, ಮುಂಗಡ, ಷರಾ ಅಂತ ಕಲಮುಗಳು. ಹಣ್ಣು ಕೊಯ್ಲಿನ ಕಾಲ ಬರೋ ಮುಂಚೆ ಮೇಸ್ತ್ರಿ ಬಯಲುಸೀಮೆಗೋ ಘಟ್ಟದ ಕೆಳಗೋ ಹೋಗಿ, ಮುಂಗಡ ಕೊಟ್ಟು, ಆಳುಗಳನ್ನ ಒಪ್ಪಿಸಿ ಕರೆದುಕೊಂಡು ಬರಬೇಕು. ಬಂದವರಲ್ಲಿ ಕೆಲವರು ಮಧ್ಯದಲ್ಲೇ ಕಾಣೆಯಾಗುತ್ತಿದ್ದರು. ಷರಾ ಕಲಮಿನಲ್ಲಿ ಅಜ್ಜ ಕೆಂಪು ಇಂಕಿನಲ್ಲಿ "ಪರಾರಿ" ಅಂತ ಬರೆದಿರುತ್ತಿದ್ದರು. ಸಣ್ಣವನಿದ್ದಾಗ ಅದು ಯಾರದೋ ಮನೆತನದ ಹೆಸರು ಅಂದುಕೊಂಡಿದ್ದೆ!

ಪರಾರಿ, ಅಬ್‌ಸ್ಕಾಂಡಿಂಗ್. ಕಾಫಿ ತೋಟಕ್ಕೂ ಏಳನೇ ಮಹಡಿಗೂ ಷರಾ ಒಂದೇ. ಅಲ್ಲಿಂದ ನನಗೆ ಹುಳ ಹತ್ತಿತು. ಈ "ನಂಬಿಕಸ್ಥ ಆಳು ಸಿಗಲ್ಲ, ಸಿಕ್ಕರೆ ನಿಲ್ಲಲ್ಲ" ಅನ್ನೋ ದೂರು ಎಷ್ಟು ಹಳೇದು? ನಿಜಕ್ಕೂ ತಪ್ಪು ಆಳಿನದೇನಾ?

ಕಾಗದದ ಮೇಲೆ ತುಂಬ ಹಳೇದು. 1859ರಲ್ಲಿ ಬ್ರಿಟಿಷ್ ಸರ್ಕಾರ ಇದಕ್ಕೆಂದೇ ಒಂದು ಕಾಯ್ದೆ ಮಾಡಿತ್ತು, ಆ ವರ್ಷದ 13ನೇ ಕಾಯ್ದೆ. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದವನ ಮೇಲೆ ಮಾಲೀಕ ಮ್ಯಾಜಿಸ್ಟ್ರೇಟರ ಹತ್ತಿರ ದೂರು ಕೊಡಬಹುದು. ದುಡ್ಡು ವಾಪಸ್ ಕೊಡು, ಇಲ್ಲ ಒಪ್ಪಿಕೊಂಡ ಕೆಲಸ ಮುಗಿಸು ಅಂತ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಕೇಳದಿದ್ದರೆ ಮೂರು ತಿಂಗಳವರೆಗೆ ಜೈಲು. ಮೊದಲಿಗೆ ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳಿಗೆ ಅಂತ ಹುಟ್ಟಿದ್ದು, ಆಮೇಲೆ ಅಸ್ಸಾಮಿನ ಚಹಾ ತೋಟ, ಕೊಡಗಿನ ಕಾಫಿ ತೋಟದವರೆಗೂ ಹಬ್ಬಿತು. ಇದರಲ್ಲಿ ಗಮನಿಸಬೇಕಾದ್ದು ಏನಂದರೆ, ಆಳು ಮಾತು ತಪ್ಪಿದರೆ ಕ್ರಿಮಿನಲ್. ಮಾಲೀಕ ಕೂಲಿ ಕೊಡದೆ ಮಾತು ತಪ್ಪಿದರೆ ಅದು ಬರೀ ಸಿವಿಲ್ ತಕರಾರು, ಕೋರ್ಟಿಗೆ ಅಲೆದಾಡಿಕೋ ಅಂತ. ಈ ಕಾಯ್ದೆ 1926ರವರೆಗೂ ಬದುಕಿತ್ತು. ಕೊಡಗಿನ ಪ್ಲಾಂಟರುಗಳಿಗೆ ಅದು ಹೋದದ್ದು ಎಷ್ಟು ಕಷ್ಟವಾಯಿತು ಅಂದರೆ, ಅದೇ ವರ್ಷ ಅಲ್ಲಿಗೆ ಮಾತ್ರ ಬೇರೆಯದೇ ಒಂದು ಕಾರ್ಮಿಕ ಕಾಯ್ದೆ ಬಂತು. ಅಂದರೆ ಅರವತ್ತಕ್ಕೂ ಹೆಚ್ಚು ವರ್ಷ ಜೈಲಿನ ಹೆದರಿಕೆ ಹಾಕಿದರೂ ದೂರು ನಿಂತಿರಲಿಲ್ಲ. ಬಗ್ ಇರೋ ಕೋಡಿಗೆ ಮೇಲಿಂದ ಮೇಲೆ ಅದೇ ಪ್ಯಾಚ್ ಹಾಕಿದ ಹಾಗೆ.

ಇರಲಿ, ತೋಟದ ಮಾತು ಸಾಕು. ನಾನು ದಿನಾ ನಡೆಯೋ ನೆಲದ ಕತೆಗೆ ಬರೋಣ. ಈ ದೂರು ಅತ್ಯಂತ ಜೋರಾಗಿ, ಅತ್ಯಂತ ಹೆಚ್ಚು ವರ್ಷ ಕೇಳಿಸಿದ್ದು ಇಲ್ಲೇ, ಮುಂಬಯಿ ಗಿರಣಿಗಳಲ್ಲಿ.

ಕಾವಸ್‌ಜಿ ನಾನಾಭಾಯಿ ದಾವರ್ ಅನ್ನೋ ಪಾರ್ಸಿ ವ್ಯಾಪಾರಿ 1854ರಲ್ಲಿ ಕಂಪನಿ ಕಟ್ಟಿ, 1856ರಲ್ಲಿ ತಾಡದೇವ್‌ನಲ್ಲಿ ಊರಿನ ಮೊದಲ ಹತ್ತಿ ಗಿರಣಿ ಶುರು ಮಾಡಿದರು. ನಲವತ್ತೇ ವರ್ಷದಲ್ಲಿ ಗಿರಣಿಗಳು 70ರ ಆಸುಪಾಸು, ಕೆಲಸಗಾರರು 70 ಸಾವಿರಕ್ಕೂ ಮೇಲೆ. ಹೆಚ್ಚಿನವರು ರತ್ನಾಗಿರಿ, ಸಾತಾರಾ, ಕೊಲ್ಹಾಪುರ, ಪುಣೆ ಕಡೆಯ ಒಕ್ಕಲು ಮಕ್ಕಳು. ಮಾಲೀಕರ ಸಂಘ ಹುಟ್ಟಿದ್ದು 1875ರಲ್ಲಿ. ಆಗಿನಿಂದ ಐವತ್ತು ಅರವತ್ತು ವರ್ಷ ಅವರದು ಒಂದೇ ರಾಗ. ಆಳು ಸಾಲದು. ಇದ್ದ ಆಳು ದಿನಾ ಬರಲ್ಲ. ಬಂದರೂ ಯಂತ್ರದ ಹತ್ತಿರ ನಿಲ್ಲಲ್ಲ, ಬೀಡಿ ಸೇದೋಕೆ ಹೊರಗೆ ಹೋಗುತ್ತಾನೆ. ಸಂಬಳ ಆದ ಮಾರನೇ ದಿನ ಕಾಣಲ್ಲ. ಬೇಸಿಗೆ ಬಂದರೆ ಊರಿಗೆ ಓಡುತ್ತಾನೆ. ಇವರು ಮನಸ್ಸಿನಲ್ಲಿ ಇನ್ನೂ ರೈತರು, ಕಾರ್ಖಾನೆಯ ಶಿಸ್ತು ಇವರ ರಕ್ತದಲ್ಲಿಲ್ಲ.

ಈ ಮಾತನ್ನ ಅಧಿಕಾರಿಗಳೂ ನಂಬಿದರು, ಆಮೇಲೆ ಬಂದ ಸಮಾಜಶಾಸ್ತ್ರದವರೂ ನಂಬಿದರು. 1965ರಲ್ಲಿ ಮಾರಿಸ್ ಡೇವಿಡ್ ಮಾರಿಸ್ ಎನ್ನುವ ಅಮೆರಿಕದ ಆರ್ಥಿಕ ಇತಿಹಾಸಕಾರರು ಗಿರಣಿಗಳ ದಾಖಲೆ ಹಿಡಿದು ಒಂದು ಪುಸ್ತಕ ಬರೆದು, ಇದೆಲ್ಲ ಹಾಗಿರಲಿಲ್ಲ ಅಂದರು. ಕೂಲಿಯವರ ಕೊರತೆ ಈ ಊರಿಗೆ ಹೆಚ್ಚು ಕಡಿಮೆ ಯಾವತ್ತೂ ಇರಲಿಲ್ಲ, ಅಶಿಸ್ತು ಅಂತ ಕರೆದದ್ದರಲ್ಲಿ ಬಹುಪಾಲು ಗಿರಣಿಗಳು ತಾವೇ ನಡೆಸಿಕೊಂಡು ಬಂದ ಪದ್ಧತಿಯ ಫಲ ಅನ್ನೋದು ಅವರ ವಾದ. 1994ರಲ್ಲಿ ರಾಜನಾರಾಯಣ ಚಂದಾವರಕರ್ ಇನ್ನೊಂದು ದೊಡ್ಡ ಪುಸ್ತಕ ಬರೆದು, ಗಿರಣಿಯಿಂದ ಹೊರಗೆ ಬಂದು ಚಾಳು, ಕಿರಾಣಿ ಅಂಗಡಿ, ಬೀದಿಗಳ ಲೆಕ್ಕವನ್ನೂ ಸೇರಿಸಿದರು. ಇಬ್ಬರಿಗೂ ಎಲ್ಲದರಲ್ಲೂ ಒಮ್ಮತ ಇಲ್ಲ. ನಾನು ಇಲ್ಲಿ ಹೇಳೋದರ ಮೂಳೆ ಅವರಿಬ್ಬರದು, ತೀರ್ಮಾನದಲ್ಲಿ ತಪ್ಪಿದ್ದರೆ ಅದು ನನ್ನದು.

ಸರಿ, ಒಬ್ಬ ಹುಡುಗ ರತ್ನಾಗಿರಿಯಿಂದ ಬಂದ ಅಂತಿಟ್ಟುಕೊಳ್ಳಿ. 1900ರ ಸುಮಾರು. ಅವನು ಗಿರಣಿಗೆ ಅರ್ಜಿ ಹಾಕೋದಿಲ್ಲ. ಗಿರಣಿಗೆ ಅವನ ಹೆಸರೂ ಬೇಕಿಲ್ಲ. ಅವನು ಹೋಗೋದು ಜಾಬರ್ ಹತ್ತಿರ. ಮುಕಾದಮ ಅಂತಲೂ ಕರೆಯುತ್ತಿದ್ದರು. ಹೆಂಗಸರ ವಿಭಾಗಗಳಲ್ಲಿ ನಾಯ್ಕಿಣ್ ಅಂತ ಹೆಂಗಸೇ ಇರುತ್ತಿದ್ದಳು. ನಮ್ಮ ತೋಟದ ಮೇಸ್ತ್ರಿಯ ನಗರದ ಅಣ್ಣ ಅನ್ನಿ. ಜಾಬರ್ ಕೆಲಸ ಕೊಡಿಸುತ್ತಾನೆ, ಕೆಲಸ ಕಲಿಸುತ್ತಾನೆ, ಯಂತ್ರ ಕೆಟ್ಟರೆ ನೋಡುತ್ತಾನೆ, ಚಾಳಿನಲ್ಲಿ ಮಲಗೋಕೆ ಜಾಗ ತೋರಿಸುತ್ತಾನೆ, ಸಾಲ ಕೊಡುತ್ತಾನೆ. ಅದಕ್ಕೆ ಅವನಿಗೆ ದಸ್ತೂರಿ ಸಲ್ಲಬೇಕು, ಅಂದರೆ ಲಂಚ. ಸೇರುವಾಗ ಕೊಡಬೇಕು, ರಜಾ ಮುಗಿಸಿ ವಾಪಸ್ ಬಂದಾಗಲೂ ಕೊಡಬೇಕು.

ಸೇರಿದ ತಕ್ಷಣ ಅವನು ಕಾಯಂ ಆಗೋದಿಲ್ಲ. ಅವನು ಬದಲಿ. ಈ ಪದಕ್ಕೆ ನಮಗೆ ಅನುವಾದವೇ ಬೇಡ, ಕನ್ನಡದಲ್ಲೂ ಅದೇ. ಬೆಳಗ್ಗೆ ಸೈರನ್ ಆಗೋ ಮುಂಚೆ ಗೇಟಿನ ಹತ್ತಿರ ನಿಂತಿರಬೇಕು. ಒಳಗೆ ಯಾರು ಬಂದಿಲ್ಲ ಅಂತ ಜಾಬರ್ ನೋಡುತ್ತಾನೆ, ಹೊರಗೆ ಬಂದು ಕೈ ತೋರಿಸುತ್ತಾನೆ, ನೀನು ಬಾ, ನೀನು ಬಾ. ಉಳಿದವರು ಮುಂದಿನ ಗಿರಣಿ ಗೇಟಿಗೆ ಓಡಬೇಕು ಅಥವಾ ಮನೆಗೆ. ಕೆಲಸ ಸಿಕ್ಕ ದಿನ ಕೂಲಿ, ಇಲ್ಲದ ದಿನ ಇಲ್ಲ. ಗಿರಣಿಗೆ ಇದು ಬಹಳ ಅಗ್ಗ. ಯಾರೇ ತಪ್ಪಿಸಿಕೊಂಡರೂ ಯಂತ್ರ ನಿಲ್ಲಲ್ಲ, ಕಾದು ನಿಂತವರಿಗೆ ಕಾಸು ಕೊಡಬೇಕಿಲ್ಲ.

ಈಗ ಜಾಬರ್‌ನ ಕಡೆಯಿಂದ ನೋಡಿ. ಅವನ ಹಿಡಿತ ಇರೋದೇ ಅವನ ಹಿಂದೆ ಎಷ್ಟು ಜನ ಇದ್ದಾರೆ ಅನ್ನೋದರ ಮೇಲೆ. ಗೇಟಿನಲ್ಲಿ ನಿಂತ ಬದಲಿಗಳಿಗೆ ತಿಂಗಳಲ್ಲಿ ಕೆಲವು ದಿನವಾದರೂ ಕೆಲಸ ಕೊಡದಿದ್ದರೆ ಅವರು ಬೇರೆ ಜಾಬರ್ ಹಿಂದೆ ಹೋಗುತ್ತಾರೆ. ಹಾಗಾಗಿ ಒಳಗಿನ ಕಾಯಂ ಆಳನ್ನ ಅವನೇ ಎರಡು ದಿನ ಮನೆಗೆ ಕಳಿಸಿ ಬದಲಿಯನ್ನ ಒಳಗೆ ಹಾಕುತ್ತಿದ್ದ. ಮಾಲೀಕರ ಪುಸ್ತಕದಲ್ಲಿ ಅದು ಗೈರುಹಾಜರಿ! ಈ ಭಾಗ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾವು ದಿನಾ ನೋಡೋ ಡ್ಯಾಶ್‌ಬೋರ್ಡ್‌ಗಳ ಕತೆಯೂ ಇಷ್ಟೇ. ಅಂಕಿ ಸರಿಯಾಗೇ ಇರುತ್ತೆ, ಅದಕ್ಕೆ ಕೊಟ್ಟ ಹೆಸರು ತಪ್ಪಿರುತ್ತೆ.

ಇನ್ನು ಸಂಬಳ. ತಿಂಗಳ ಲೆಕ್ಕದ ಸಂಬಳ, ಅದೂ ಕೈಗೆ ಬರೋದು ಮುಂದಿನ ತಿಂಗಳ ಮಧ್ಯದಲ್ಲಿ. ಮಾರ್ಚ್ ಒಂದಕ್ಕೆ ಸೇರಿದವನು ಮೊದಲ ಕಾಸು ನೋಡೋದು ಏಪ್ರಿಲ್ ಅರ್ಧ ಕಳೆದ ಮೇಲೆ. ಅಂದರೆ ಆರು ವಾರದ ದುಡಿಮೆ ಯಾವಾಗಲೂ ಗಿರಣಿಯ ಕೈಯಲ್ಲಿ ಒತ್ತೆ. ಹೇಳದೆ ಬಿಟ್ಟರೆ ಅದು ಮುಟ್ಟುಗೋಲು. ಉದ್ದೇಶ ಏನು ಅಂದರೆ ಆಳು ಓಡಿ ಹೋಗಬಾರದು. ಆದದ್ದು ಏನು? ಆ ಆರು ವಾರ ಹೊಟ್ಟೆಗೆ ಬೇಕಲ್ಲ, ಕಿರಾಣಿ ಅಂಗಡಿಯವನ ಹತ್ತಿರ ಉದ್ರಿ, ಸಾಹುಕಾರನ ಹತ್ತಿರ ಸಾಲ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯ ದರ. ಲೆಕ್ಕ ಹಾಕಿ, ವರ್ಷಕ್ಕೆ ನೂರಕ್ಕೆ 75. ಸಂಬಳದ ದಿನ ಸಾಲಗಾರ ಗೇಟಿನಲ್ಲೇ ನಿಂತಿರುತ್ತಿದ್ದ. ಅವನ ಕಣ್ಣು ತಪ್ಪಿಸೋಕೆ ಗಿರಣಿಯನ್ನೇ ಬದಲಾಯಿಸಿದವರೂ ಇದ್ದರು. ಇದಲ್ಲದೆ ಒಂದು ದಿನ ಬರದಿದ್ದರೆ ಎರಡು ದಿನದ ಕೂಲಿ ಮುರಿಯೋ ಪದ್ಧತಿ, ಅದಕ್ಕೆ ಡಬಲ್ ಖಾಡಾ ಅಂತ ಹೆಸರು. ಅದರ ಪರಿಣಾಮ ಊಹಿಸಿ. ಒಂದು ದಿನ ತಪ್ಪಿಸಿಕೊಂಡವನಿಗೆ ಮಾರನೇ ದಿನ ಅಳುಕುತ್ತ ವಾಪಸ್ ಬರೋದಕ್ಕಿಂತ ಪಕ್ಕದ ಗೇಟಿನಲ್ಲಿ ಹೊಸದಾಗಿ ನಿಲ್ಲೋದೇ ವಾಸಿ ಅನ್ನಿಸಿರಲ್ವಾ?

ಕೆಲಸದ ಗಂಟೆಗಳನ್ನೂ ಸೇರಿಸಿಕೊಳ್ಳಿ. ವಿದ್ಯುತ್ ದೀಪ ಬರೋ ಮುಂಚೆ ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ. ದೀಪ ಬಂದ ಮೇಲೆ, 1905ರ ಹೊತ್ತಿಗೆ, ಕೆಲವು ಕಡೆ ಹದಿನಾಲ್ಕು ಹದಿನೈದು ಗಂಟೆ. ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ಬಂದದ್ದೇ 1911ರ ಕಾಯ್ದೆಯಿಂದ. ಹದಿನಾಲ್ಕು ಗಂಟೆ ಯಾವ ಮನುಷ್ಯನೂ ಯಂತ್ರದ ಮುಂದೆ ನಿಲ್ಲಲ್ಲ. ಬೀಡಿಗೆ ಹೋಗುತ್ತಾನೆ, ಸ್ನಾನಕ್ಕೆ ಹೋಗುತ್ತಾನೆ, ಮೂಲೆಯಲ್ಲಿ ಒರಗುತ್ತಾನೆ. ಗಿರಣಿಗಳಿಗೆ ಇದು ಗೊತ್ತಿತ್ತು, ಹೆಚ್ಚುವರಿ ಜನ ಇಟ್ಟುಕೊಂಡೇ ಯಂತ್ರ ಓಡಿಸುತ್ತಿದ್ದರು. ಅದನ್ನೇ ಮತ್ತೆ ಸರ್ಕಾರದ ಸಮಿತಿಗಳ ಮುಂದೆ ಸೋಮಾರಿತನ ಅಂತ ಹೇಳುತ್ತಿದ್ದರು.

ಊರಿಗೆ ಓಡುತ್ತಾರೆ ಅನ್ನೋ ದೂರು ಮಾತ್ರ ಸುಳ್ಳಲ್ಲ. ಏಪ್ರಿಲ್, ಮೇನಲ್ಲಿ ಗೈರುಹಾಜರಿ ಏರುತ್ತಿತ್ತು. ಮದುವೆಗಳ ಕಾಲ, ಮಳೆಗೆ ಮುಂಚಿನ ಹೊಲದ ಕೆಲಸ. ಕೊಂಕಣದವರಿಗೆ ಇನ್ನೊಂದು, ಮಳೆ ಹಿಡಿದರೆ ಕರಾವಳಿಯ ಹಡಗುಗಳು ನಿಲ್ಲುತ್ತವೆ, ಅಷ್ಟರಲ್ಲಿ ಹೋಗಿ ಬರಬೇಕು. ಆದರೆ ಊರನ್ನ ಯಾಕೆ ಬಿಡಲಿಲ್ಲ ಅಂತ ಕೇಳಬೇಕು. ಗಿರಣಿಯಲ್ಲಿ ಕಾಯಿಲೆ ರಜೆ ಇಲ್ಲ, ಪಿಂಚಣಿ ಇಲ್ಲ, ನಾಳೆ ಕೆಲಸ ಇದೆ ಅನ್ನೋ ಖಾತ್ರಿ ಇಲ್ಲ. ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ, ಪಿಎಫ್ ಕಾಯ್ದೆ 1952ರಲ್ಲಿ. ಅದಕ್ಕೂ ಮುಂಚೆ ಇವನ ಇಎಸ್‌ಐ, ಪಿಎಫ್ ಎಲ್ಲಾ ರತ್ನಾಗಿರಿಯ ಆ ಅರ್ಧ ಎಕರೆ. ಜ್ವರ ಬಂದರೆ ಅಲ್ಲಿಗೆ, ಹೆಂಡತಿಯ ಬಾಣಂತನಕ್ಕೆ ಅಲ್ಲಿಗೆ, ವಯಸ್ಸಾದರೆ ಅಲ್ಲಿಗೆ. 1928ರಲ್ಲಿ ಊರಿಗೆ ಊರೇ ಆರು ತಿಂಗಳು ಮುಷ್ಕರ ಮಾಡಿತಲ್ಲ, ಸುಮಾರು ಒಂದೂವರೆ ಲಕ್ಷ ಜನ. ಅವರಲ್ಲಿ ಎಷ್ಟೋ ಮಂದಿ ಅಷ್ಟು ದಿನ ಬದುಕಿದ್ದು ಹಳ್ಳಿಯ ಅಕ್ಕಿಯಿಂದ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಹೊಲದಲ್ಲಿ ಮುಖ ತೋರಿಸೋದು ಅಂದರೆ ವಿಮೆಯ ಕಂತು ಕಟ್ಟಿದ ಹಾಗೆ. ಊರಿಗೆ ಹೋದವರು ವಾಪಸ್ ಬರುತ್ತಿದ್ದರು ಅನ್ನೋದನ್ನೂ ಮರೆಯಬಾರದು. ಒಂದು ಗಿರಣಿ ಬಿಟ್ಟವರು ಇನ್ನೊಂದಕ್ಕೆ ಸೇರುತ್ತಿದ್ದರು, ಗಿರಣಿ ಕಸುಬನ್ನೇ ಬಿಟ್ಟವರು ಕಡಿಮೆ.

ಮಾಲೀಕರ ಪರವಾಗಿ ನಾನೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಕತೆ ಅರ್ಧ. ಅವರ ವ್ಯಾಪಾರವೇ ಅಲುಗಾಡುತ್ತಿತ್ತು. ಮೊದಮೊದಲು ನೂಲು ಬಹಳಷ್ಟು ಹೋಗುತ್ತಿದ್ದದ್ದು ಚೀನಾಕ್ಕೆ. 1893ರಲ್ಲಿ ಸರ್ಕಾರ ಇಲ್ಲಿ ಬೆಳ್ಳಿ ನಾಣ್ಯದ ಟಂಕಸಾಲೆ ಮುಚ್ಚಿದಾಗ, ಬೆಳ್ಳಿಯಲ್ಲಿ ವ್ಯವಹರಿಸುವ ಚೀನಾದ ವ್ಯಾಪಾರ ಏಟು ತಿಂದಿತು. ಆಮೇಲೆ ಜಪಾನಿನ ಪೈಪೋಟಿ. ಬೇಡಿಕೆ ಇದ್ದಾಗ ಎಲ್ಲ ಯಂತ್ರ ಓಡಿಸಬೇಕು, ಬಿದ್ದಾಗ ನಿಲ್ಲಿಸಬೇಕು. ಹಾಗಾಗಿ ನಾಳೆ ಬೇಡ ಅಂದರೆ ಬೇಡ ಅನ್ನಬಹುದಾದ ಜನವೇ ಅವರಿಗೆ ಬೇಕಿದ್ದದ್ದು. ಅದೇ ಜನ ಬೇಕಾದ ದಿನ ಮಾತ್ರ ತಪ್ಪದೆ ಬರಬೇಕು, ನಿಯತ್ತಿನಿಂದ ಇರಬೇಕು. ಎರಡೂ ಒಟ್ಟಿಗೆ ಬೇಕು ಅನ್ನೋದೇ ಇಡೀ ಕತೆಯ ಗಂಟು.

ಈ ಗಂಟು ಒಂದು ಸಲ ಎಲ್ಲರ ಕಣ್ಣೆದುರೇ ಬಿಚ್ಚಿಕೊಂಡಿತು. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿ ಬಂದರಿನ ಹತ್ತಿರ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನ ಗುರುತಿಸಿದರು. ಮುಂದಿನ ಕೆಲವೇ ತಿಂಗಳಲ್ಲಿ ಎಂಟು ಲಕ್ಷ ಚಿಲ್ಲರೆ ಜನಸಂಖ್ಯೆಯ ಊರಿನಿಂದ ಲಕ್ಷಗಟ್ಟಲೆ ಜನ ಹೊರಟುಹೋದರು. ನಾವು 2020ರ ಲಾಕ್‌ಡೌನ್‌ನಲ್ಲಿ ಕಂಡ ದೃಶ್ಯದ ಹಾಗೆ, ಆದರೆ ಆಗ ಹೆದ್ದಾರಿಯ ಬದಲು ಬಂದರು ಮತ್ತು ರೈಲ್ವೆ ಸ್ಟೇಷನ್. 1897ರ ಆರಂಭದಲ್ಲಿ ಗಿರಣಿಗಳು ಖಾಲಿ. ಉಳಿದವರಿಗಾಗಿ ಗಿರಣಿಗಳ ನಡುವೆ ಎಳೆದಾಟ ಶುರುವಾಯಿತು. ಬೀದಿ ಮೂಲೆಗಳಲ್ಲಿ ಬಹಿರಂಗವಾಗಿ ಕೂಲಿಯ ಹರಾಜು. ಅಷ್ಟು ವರ್ಷ ಸಾಧ್ಯವೇ ಇಲ್ಲ ಅಂತಿದ್ದ ದಿನಗೂಲಿ ಬಟವಾಡೆ, ಅಂದಿನ ಕೂಲಿ ಅಂದೇ ಕೈಗೆ, ರಾತ್ರೋರಾತ್ರಿ ಸಾಧ್ಯವಾಯಿತು. ಕಾಸು ಹೆಚ್ಚು ಕೊಟ್ಟ ಗಿರಣಿಗೆ ಆಳುಗಳು ಹೋದರು, ಮಾರನೇ ದಿನ ಇನ್ನೂ ಹೆಚ್ಚು ಕೊಟ್ಟಲ್ಲಿಗೆ ಹೋದರು. ಮಾಲೀಕರಿಗೆ ಸಿಟ್ಟು ಬಂತು, ನಿಯತ್ತಿಲ್ಲದ ಜನ ಅಂತ. ಮೂವತ್ತು ವರ್ಷ ಗೇಟಿನಲ್ಲಿ ದಿನದ ಲೆಕ್ಕಕ್ಕೆ ಆರಿಸಿಕೊಂಡವರು, ಒಂದು ಸಲ ತಮ್ಮನ್ನೂ ದಿನದ ಲೆಕ್ಕಕ್ಕೆ ಆರಿಸಿದಾಗ ಸಿಟ್ಟಾದರು. ಪ್ಲೇಗಿನ ಹೆದರಿಕೆ ಇಳಿದು ಜನ ವಾಪಸ್ ಬಂದ ಮೇಲೆ ದಿನಗೂಲಿ ಹೋಯಿತು, ಆರು ವಾರದ ಒತ್ತೆ ಮರಳಿ ಬಂತು.

ಹಾಗಾದರೆ ಬೇರೆ ದಾರಿ ಇರಲೇ ಇಲ್ವಾ? ಇತ್ತು, ಆದರೆ ಮುಂಬಯಿಯಲ್ಲಿ ಅಲ್ಲ. ಜಮಶೇಟ್‌ಜಿ ಟಾಟಾ 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ಸ್ ತೆರೆದರು. ನಡೆಸಿದವರು ಬೆಜೊನ್‌ಜಿ ಮೆಹ್ತಾ. ಅಲ್ಲಿ ಮೊದಲಿಗೆ ಗೈರುಹಾಜರಿ ಮುಂಬಯಿಗಿಂತ ಜಾಸ್ತಿ. ಸಣ್ಣ ಹಬ್ಬ, ನೆಂಟರ ಮದುವೆ, ಏನೋ ಒಂದು ನೆವ. ಅವರು ದಂಡದ ದಾರಿ ಬಿಟ್ಟು, ತಪ್ಪದೆ ಬಂದವರಿಗೆ ಬಹುಮಾನ ಇಟ್ಟರು, ಅದನ್ನ ಹಬ್ಬದ ಹಾಗೆ ಎಲ್ಲರೆದುರು ಹಂಚಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ. ದೇಶದ ಕಾಯ್ದೆ ಅದನ್ನ ಕೇಳೋಕೆ ಇನ್ನೂ ಎಷ್ಟೋ ದಶಕ ಇತ್ತು. ಕೆಲಸಗಾರರು ನಿಂತರು.

ಇದನ್ನ ಓದಿದ ತಕ್ಷಣ "ಟಾಟಾ ಒಳ್ಳೆಯವರು, ಮಿಕ್ಕವರು ಕೆಟ್ಟವರು" ಅನ್ನೋ ತೀರ್ಮಾನಕ್ಕೆ ಬರಬೇಡಿ. ನಾಗಪುರದಲ್ಲಿ ಅದು ಮೊದಲ ಗಿರಣಿ. ಕೆಲಸ ಕಲಿತ ಆಳು ಬಿಟ್ಟರೆ ಪಕ್ಕದಲ್ಲಿ ಇನ್ನೊಂದು ಗೇಟಿಲ್ಲ, ಗಿರಣಿಗೂ ಗೇಟಿನ ಹೊರಗೆ ತಯಾರಾದ ಬದಲಿಗಳಿಲ್ಲ. ಒಬ್ಬರಿಗೊಬ್ಬರು ಬೇಕೇ ಬೇಕು. ಮುಂಬಯಿಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡು 70 ಗಿರಣಿ. ನೀವು ಕಾಸು ಹಾಕಿ ಕಲಿಸಿದ ಆಳನ್ನ ಪಕ್ಕದವನು ನಾಲ್ಕಾಣೆ ಹೆಚ್ಚು ಕೊಟ್ಟು ಎಳೆದುಕೊಂಡರೆ? ಹಾಗಾಗಿ ಯಾರೂ ಹಾಕಲ್ಲ, ಎಲ್ಲರೂ ದೂರುತ್ತಾರೆ. ಬೆಂಗಳೂರಿನ ಔಟರ್ ರಿಂಗ್ ರೋಡು, ಪುಣೆಯ ಹಿಂಜವಾಡಿ, ಹೈದರಾಬಾದಿನ ಹೈಟೆಕ್ ಸಿಟಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಗೋಡೆಗೆ ಗೋಡೆ ತಾಗಿದ ಊರಲ್ಲಿ ಒಬ್ಬ ಮಾಲೀಕ ಧೈರ್ಯ ಮಾಡಿದ ಉದಾಹರಣೆಯೂ ಇದೆ, ಆದರೆ ದೂರದ ಡೆಟ್ರಾಯಿಟ್‌ನದು. ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14 ಸಾವಿರ ಜನರನ್ನ ಉಳಿಸಿಕೊಳ್ಳೋಕೆ ವರ್ಷಕ್ಕೆ 52 ಸಾವಿರಕ್ಕೂ ಹೆಚ್ಚು ಜನರನ್ನ ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಅಂತ ಘೋಷಿಸಿದ, ಹೆಚ್ಚು ಕಡಿಮೆ ದುಪ್ಪಟ್ಟು, ಗಂಟೆ ಒಂಬತ್ತರಿಂದ ಎಂಟಕ್ಕೆ ಇಳಿಸಿದ. ಓಡಾಟ ನಿಂತಿತು. ಜೊತೆಗೆ ಕೆಲಸಗಾರರ ಮನೆಗೆ ಜನ ಕಳಿಸಿ ಅವರ ನಡತೆ ವಿಚಾರಿಸಿದ, ಅದು ಬೇರೆ ಕತೆ, ಇನ್ನೊಂದು ವಿಡಿಯೋ ಮಾಡಬಹುದು.

ಮುಂಬಯಿಯಲ್ಲಿ ಬದಲಾವಣೆ ತಡವಾಗಿ, ಹೊರಗಿನ ಒತ್ತಡದಿಂದ ಬಂತು. 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಆಳು ಸೇರಿಸೋ ಅಧಿಕಾರವನ್ನ ಜಾಬರ್ ಕೈಯಿಂದ ಕಿತ್ತು ಲೇಬರ್ ಆಫೀಸರ್‌ಗೆ ಕೊಡಿ ಅಂದಿತು. 1935ರಲ್ಲಿ ಮಾಲೀಕರ ಸಂಘ ಬದಲಿಗಳಿಗೆ ಕಾರ್ಡು ಕೊಟ್ಟಿತು. ಕಾರ್ಡು ಇದ್ದವರಿಗೇ ಕೆಲಸ. 1936ರ ಸಂಬಳ ಪಾವತಿ ಕಾಯ್ದೆ ತಿಂಗಳು ಮುಗಿದ ಏಳು ದಿನದೊಳಗೆ, ಸಾವಿರಕ್ಕೂ ಹೆಚ್ಚು ಜನ ಇದ್ದಲ್ಲಿ ಹತ್ತು ದಿನದೊಳಗೆ ಸಂಬಳ ಕೊಡಲೇಬೇಕು ಅಂತು, ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು ಅಂತು. ನಿಮ್ಮ ಸಂಬಳ ತಿಂಗಳ ಮೊದಲ ವಾರದೊಳಗೆ ಬರುತ್ತಿದ್ದರೆ ಅದರ ಹಿಂದೆ ಗಿರಣಿಯವರ ಜಗಳ ಇದೆ. ಆದರೂ ಬದಲಿ ಅನ್ನೋ ಪದ ಸಾಯಲಿಲ್ಲ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದಾಗ, ಬದಲಿಗಳನ್ನ ಕಾಯಂ ಮಾಡಿ ಅನ್ನೋದೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಆ ಮುಷ್ಕರದಿಂದ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ. 1991ರ ನಂತರ ನೆಲ ಮಾರೋದು ಸಲೀಸಾಯಿತು, ನನ್ನ ಆಫೀಸಿನಂಥ ಕಟ್ಟಡಗಳು ಎದ್ದವು.

ಮುಂಬಯಿ ಕನ್ನಡಿಗರಲ್ಲೂ ಈ ದೂರು ಬೇರೆ ರೂಪದಲ್ಲಿ ಇತ್ತು. ಹೋಟೆಲ್ ನಡೆಸಿದ ಹಿರಿಯರನ್ನ ಕೇಳಿ, "ಹುಡುಗರು ನಿಲ್ಲುದಿಲ್ಲ ಮಾರಾಯ್ರೆ" ಅಂತಾರೆ. ಆ ಹುಡುಗರಲ್ಲಿ ಎಷ್ಟೋ ಜನ ಹಗಲು ಟೇಬಲ್ ಒರೆಸಿ, ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಬ್ಯಾಂಕಿಗೋ ಆಫೀಸಿಗೋ ಹೋದರು. ಹೋಟೆಲಿನ ಪುಸ್ತಕದಲ್ಲಿ ಅವರೂ ಬಿಟ್ಟು ಹೋದವರೇ.

ಈಗ ನನ್ನ ಪಾಲು ಹೇಳಿಬಿಡುತ್ತೇನೆ. ಹೇಳದೆ ಇದನ್ನೆಲ್ಲ ಬರೆದರೆ ಮೋಸ ಆಗುತ್ತೆ.

ಎರಡು ವರ್ಷದ ಹಿಂದೆ ನಾನು ಆಗ ಇದ್ದ ಪ್ರಾಜೆಕ್ಟ್ ಅರ್ಧಕ್ಕೆ ನಿಂತಿತು. ಕೆಲಸಗಾರರು ಬೆಂಚಿಗೆ ಬಂದರು. ಬೆಂಚು ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯೋ ಜಾಗ, ನಮ್ಮ ಗಿರಣಿ ಗೇಟು. ಎಸಿ ಇದೆ, ಸಂಬಳವೂ ಬರುತ್ತೆ, ಆದರೆ ಎಷ್ಟು ದಿನ ಅಂತ ಗೊತ್ತಿಲ್ಲ. ಆರು ಜನರನ್ನ ಬಿಡಬೇಕು, ರೇಟಿಂಗ್ ಕೊಡಿ ಅಂತ ಮೇಲಿನಿಂದ ಬಂತು. ಕೊಟ್ಟವನು ನಾನು. ಆರರಲ್ಲಿ ಒಬ್ಬ ಬಾಗಲಕೋಟೆ ಕಡೆಯ ಹುಡುಗ, ಕಾಂಟ್ರ್ಯಾಕ್ಟ್ ಮೇಲಿದ್ದ. ಕೆಲಸದಲ್ಲಿ ಚುರುಕು. ಆದರೆ ಎರಡು ತಿಂಗಳ ಹಿಂದೆ ಅಪ್ಪನ ಆಪರೇಷನ್ ಅಂತ ಊರಿಗೆ ಹೋಗಿ ಹನ್ನೊಂದು ದಿನ ಇದ್ದು ಬಂದಿದ್ದ, ರಿಲೀಸ್ ಹೊತ್ತಿನಲ್ಲಿ. "ಬೇಕಾದಾಗ ಸಿಗುತ್ತಾರಾ?" ಅನ್ನೋ ಕಾಲಮಿನಲ್ಲಿ ಅವನಿಗೆ ನಾನು ಐದಕ್ಕೆ ಎರಡು ಹಾಕಿದ್ದೆ. ಹಾಕುವಾಗ ಕೈ ತಡೆಯಲಿಲ್ಲ. ನಾನು ಮಾಡಿದ್ದು 1900ರ ಮಾಲೀಕನ ಲೆಕ್ಕವೇ ಅಂತ ಗೊತ್ತಾಗಿದ್ದು ಈ ಪುಸ್ತಕಗಳನ್ನ ಓದುವಾಗ.

ಅವನು ಹೋದ ಮೇಲೆ ನಮ್ಮ ಕಂಪನಿ ನೋಟಿಸ್ ಅವಧಿಯನ್ನ 90 ದಿನ ಮಾಡಿತು, ಅದು ಮುಗಿಸದೆ ಹೋದರೆ ರಿಲೀವಿಂಗ್ ಲೆಟರ್ ಕೊಡಲ್ಲ. ಆರು ವಾರದ ಒತ್ತೆ ಹದಿಮೂರು ವಾರ ಆಯಿತು. ಇಂಥ 90 ದಿನ ಎಲ್ಲ ಕಡೆ ಇರೋದರಿಂದಲೇ ಆಫರ್ ಒಪ್ಪಿದವರು ಸೇರಲ್ಲ; ಆ ಮೂರು ತಿಂಗಳಲ್ಲಿ ಇನ್ನೆರಡು ಆಫರ್ ಬಂದಿರುತ್ತೆ. ಮೀಟಿಂಗಿನಲ್ಲಿ ಇದನ್ನ ಹೇಳಿದೆ. ಸರಿ ಸರಿ, ಮುಂದಿನ ಸ್ಲೈಡ್ ಅಂದರು.

ಈಗ ಬಂದಿರೋ ಹೊಸ ಪ್ರಾಜೆಕ್ಟ್‌ಗೆ ಆ ಹಳೇ ಪೇಮೆಂಟ್ ಸಿಸ್ಟಮ್ ಗೊತ್ತಿರೋರು ಬೇಕು. ಗೊತ್ತಿರೋದು ಅವನಿಗೇ. ಮೀಟಿಂಗ್ ಆದ ವಾರ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ಅಪ್ಪ ಹೇಗಿದ್ದಾರೆ ಅಂತ ಕೇಳಿದೆ, "ಆರಾಮ ಅದಾರ್ರಿ ಸರ" ಅಂದ. ವಿಷಯ ಹೇಳಿದೆ. ಸಿಟ್ಟು ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ: "ಎಷ್ಟ್ ತಿಂಗಳದ ಕೆಲಸ ಐತ್ರಿ ಸರ?"

ಅದು ಕ್ಲೈಂಟ್ ಮೇಲೆ ಹೋಗುತ್ತೆ ಅಂದೆ.

"ಹಂಗಾರ ನಾನೂ ನೋಡಿ ಹೇಳ್ತೀನ್ರಿ" ಅಂತ ನಕ್ಕು ಫೋನ್ ಇಟ್ಟ.

ಮಾರನೇ ದಿನ ಮ್ಯಾನೇಜರಿಗೆ ಮೇಲ್ ಹಾಕಿದೆ. ಪ್ರಾಜೆಕ್ಟ್ ನಿಂತರೂ ನಡೆದರೂ ಒಂದು ವರ್ಷದ ಸಂಬಳಕ್ಕೆ ಬರೆದುಕೊಡೋದಾದರೆ ಮಾತ್ರ ನಾನು ಅವನನ್ನ ಮತ್ತೆ ಕರೆಯುತ್ತೇನೆ, ಜೊತೆಗೆ ವರ್ಷಕ್ಕೆ ಹದಿನೈದು ದಿನ ಊರಿಗೆ ಹೋಗೋದನ್ನೂ ಅದರಲ್ಲೇ ಬರೆಯಬೇಕು ಅಂತ. ಬಜೆಟ್ ಟೀಮಿಗೆ ಕಳಿಸಿದ್ದೇನೆ ಅಂತ ಉತ್ತರ ಬಂದು ಒಂಬತ್ತು ದಿನ ಆಯಿತು. ಇದನ್ನ ಹಾಕೋ ಹೊತ್ತಿಗೆ ಮುಂದಿನ ಸುದ್ದಿ ಇಲ್ಲ.